ಖಾಲಿ ಫಾರ್ಮಿಗೆ ಸಹಿ ಹಾಕಬೇಡಿ

ಆಷಾಢದ ಮಳೆಯಲ್ಲಿ ಶಿರಸಿಯಿಂದ ಕುಮಟೆಗೆ ಇಳಿಯುವಾಗ ದೇವಿಮನೆ ಘಟ್ಟದ ತಿರುವಿನಲ್ಲಿ ಕಾರು ಜಾರಿ ರಸ್ತೆ ಬದಿಯ ಧರೆಗೆ ಗುದ್ದಿತು. ಅಪ್ಪಯ್ಯನ ಭುಜಕ್ಕೆ ಪೆಟ್ಟು, ನನ್ನ ಹಣೆಗೆ ಗೀರು. ಜೀವ ಉಳಿಯಿತು. ಬಾನೆಟ್ಟು ನಡುವಿಗೆ ಮಡಚಿ ನಿಂತಿತ್ತು, ರೇಡಿಯೇಟರಿನ ಹಸಿರು ನೀರು ಮಳೆನೀರಿನ ಜೊತೆ ರಸ್ತೆಯ ಮೇಲೆ ಹರಿದು ಹೋಗುತ್ತಿತ್ತು.

ಹತ್ತು ದಿನಕ್ಕೆ ವಿಮಾ ಕಂಪನಿಯಿಂದ ಫೋನು: "ಸರ್, ನಿಮ್ಮ ಗಾಡಿ ಟೋಟಲ್ ಲಾಸ್." ಅಂದರೆ ರಿಪೇರಿ ಮಾಡಿಸುವುದಿಲ್ಲ, ಗಾಡಿಯ ವಿಮಾ ಮೌಲ್ಯದ ಲೆಕ್ಕದಲ್ಲಿ ಹಣ ಕೊಟ್ಟು ಮುಗಿಸುತ್ತಾರೆ.

"ಎಂಜಿನ್ ಸರಿ ಇದ್ದು. ಗುಜರಿಗೆ ಹಾಕದು ಎಂತಕ್ಕೆ?" ಅಂತ ಅಪ್ಪಯ್ಯ ಇಡೀ ದಿನ ಕೇಳಿದರು. ನನಗೂ ಸಿಟ್ಟು ಬಂದಿತ್ತು. ಆದರೆ ಲೆಕ್ಕ ಹಾಕಿ ನೋಡಿದ ಮೇಲೆ ಆ ನಿರ್ಧಾರದ ಬಗ್ಗೆ ನನಗೆ ತಕರಾರಿಲ್ಲ. ರಿಪೇರಿ ಖರ್ಚು ಐಡಿವಿಯ, ಅಂದರೆ ಪಾಲಿಸಿಯಲ್ಲಿ ಗಾಡಿಗೆ ಕಟ್ಟಿದ ಬೆಲೆಯ, ಶೇ. 75 ದಾಟಿದರೆ ಟೋಟಲ್ ಲಾಸ್ ಅಂತಲೇ ಪಾಲಿಸಿಯಲ್ಲಿದೆ. ನಮ್ಮ ಐಡಿವಿ 3,20,000. ಅದರ ಶೇ. 75 ಅಂದರೆ 2,40,000. ಎಸ್ಟಿಮೇಟ್ ಬಂದದ್ದು 2,65,000. ಗಾಡಿಗೆ ಆರು ವರ್ಷ, ಸವಕಳಿ ಕಡಿತ ತಪ್ಪಿಸುವ ಝೀರೋ ಡೆಪ್ ಇರಲಿಲ್ಲ. ರಿಪೇರಿಗೇ ಹಟ ಹಿಡಿದಿದ್ದರೆ ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ ಅರ್ಧ, ಲೋಹದ ಭಾಗಗಳಿಗೆ ಶೇ. 40 ನಮ್ಮ ಕೈಯಿಂದಲೇ ಹೋಗುತ್ತಿತ್ತು. ನಾವು ಎಡವಿದ್ದು ಹಿಂದಿನ ರಿನೀವಲ್‌ನಲ್ಲಿ. ಪ್ರೀಮಿಯಂ ಉಳಿಯುತ್ತದೆ ಅಂತ ಐಡಿವಿ ಇಳಿಸಲು ಒಪ್ಪಿದ್ದು.

ನನಗೆ ನಿಜವಾಗಿ ನೋವಾದದ್ದು ಆಮೇಲೆ. ಒಡೆದ ಗಾಡಿಯ ಹರಾಜಿನಲ್ಲಿ ಗುಜರಿಯವರು 1,10,000ಕ್ಕೆ ಕೂಗಿದ್ದರು. ಅದನ್ನು ಅವರು ಕೊಡುತ್ತಾರೆ, ಕಡ್ಡಾಯ ಕಡಿತ 1,000 ಕಳೆದು ಕಂಪನಿಯಿಂದ 2,09,000. ಇಷ್ಟು ಸರಿ. ಜೊತೆಗೆ ಆರ್‌ಸಿ ವರ್ಗಾವಣೆಯ ಫಾರ್ಮ್ 29, 30 ಬಂದವು. ಕೊಳ್ಳುವವರ ಹೆಸರಿನ ಜಾಗ ಖಾಲಿ, ತಾರೀಖೂ ಖಾಲಿ. ಅಪ್ಪಯ್ಯನ ಸಹಿಯ ಜಾಗಕ್ಕೆ ಮಾತ್ರ ಪೆನ್ಸಿಲಿನಲ್ಲಿ ಗುರುತು. "ಎಲ್ಲರೂ ಹೀಗೇ ಕೊಡ್ತಾರೆ ಸರ್" ಅಂದರು ಕಂಪನಿಯವರು.

ಎಲ್ಲರೂ ಕೊಡುತ್ತಾರೆ, ಅದೇ ನನ್ನ ಸಂಕಟ. ಖಾಲಿ ಫಾರ್ಮು ಇಟ್ಟುಕೊಂಡು, ಆರ್‌ಸಿಯಲ್ಲಿ ಹೆಸರು ಬದಲಿಸದೆಯೇ, ಆ ಗಾಡಿಯನ್ನು ಯಾರೋ ಹೇಗೋ ಕೂಡಿಸಿ ರಸ್ತೆಗಿಳಿಸಿ, ವಿಮೆ ಇಲ್ಲದೆ ಯಾರಿಗಾದರೂ ಗುದ್ದಿದರೆ? ಗಾಡಿ ಎಷ್ಟು ಕೈ ಬದಲಾಗಿದ್ದರೂ ಪರಿಹಾರದ ಹೊಣೆ ಆರ್‌ಸಿಯಲ್ಲಿ ಹೆಸರಿರುವವನದೇ ಅಂತ ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ. ನಮ್ಮ ಆರ್‌ಸಿಯಲ್ಲಿ ಇದ್ದದ್ದು ಎಪ್ಪತ್ತೆರಡು ವರ್ಷದ ಅಪ್ಪಯ್ಯನ ಹೆಸರು. ತೋಟ ಮಾರಿ ಪರಿಹಾರ ಕಟ್ಟಬೇಕಿತ್ತಾ ಅವರು?

ಫೋನಿನಲ್ಲಿ ವಾದ ಮಾಡುವುದು ಬಿಟ್ಟು ಈಮೇಲ್ ಬರೆದೆ. ಸರ್ವೇ ರಿಪೋರ್ಟಿನ ಪ್ರತಿ ಕೊಡಿ, ಕೊಳ್ಳುವವರ ಹೆಸರು, ವಿಳಾಸ, ಗುರುತಿನ ಚೀಟಿ ಕೊಡಿ, ಫಾರ್ಮು ತುಂಬಿ ಕಳಿಸಿ, ಆಮೇಲೆ ಸಹಿ. ಗಾಡಿ ಪೂರ್ತಿ ಒಡೆಯುವುದಾದರೆ ಆರ್‌ಸಿ ರದ್ದು ಮಾಡಿಸೋಣ. ಉತ್ತರ ಬರದಿದ್ದರೆ ಕಂಪನಿಯ ದೂರು ಅಧಿಕಾರಿಗೆ, ವಿಮಾ ನಿಯಂತ್ರಣ ಸಂಸ್ಥೆಯ ದೂರು ತಾಣ ಬಿಮಾ ಭರೋಸಾ ಪೋರ್ಟಲ್‌ಗೆ, ಅಲ್ಲೂ ಆಗದಿದ್ದರೆ ವಿಮಾ ದೂರುಗಳನ್ನು ಇತ್ಯರ್ಥ ಮಾಡುವ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್‌ಗೆ ಹೋಗುತ್ತೇನೆ ಅಂತಲೂ ಬರೆದೆ. ಒಂಬುಡ್ಸ್‌ಮನ್ ಹತ್ತಿರ ಹೋಗಲು ಶುಲ್ಕವಿಲ್ಲ, ವಕೀಲರೂ ಬೇಡ. ಇದು ನಮ್ಮ ಕಡೆ ಎಷ್ಟೋ ಜನರಿಗೆ ಗೊತ್ತಿಲ್ಲ.

ಹತ್ತೊಂಬತ್ತು ದಿನ ಕಾದೆವು. ಗ್ಯಾರೇಜಿನವರು ಜಾಗದ ಬಾಡಿಗೆ ಹಾಕುತ್ತೇವೆ ಅಂದರು, ಏಜೆಂಟರು "ಸುಮ್ನೆ ಸಹಿ ಹಾಕಿ ಮಾರಾಯ್ರೆ" ಅಂದರು. ಕೊನೆಗೆ ಹುಬ್ಬಳ್ಳಿ ಕಡೆಯ ಖರೀದಿದಾರರ ಹೆಸರು, ವಿಳಾಸ ಎಲ್ಲ ತುಂಬಿದ ಫಾರ್ಮು ಬಂತು. ಅಪ್ಪಯ್ಯ ಕನ್ನಡಕ ಹಾಕಿಕೊಂಡು ಒಂದೊಂದು ಸಾಲೂ ಓದಿ ಸಹಿ ಹಾಕಿದರು. ಶಿರಸಿ ಆರ್‌ಟಿಓಗೆ ನಾನೇ ಹೋಗಿ ಕೊಟ್ಟು ರಸೀದಿ ತಂದೆ. ಗಾಜಿನ ಮೇಲಿನ ಫಾಸ್ಟ್ಯಾಗನ್ನು ಮೊದಲೇ ಕಿತ್ತು ಬ್ಯಾಂಕಿಗೆ ಹೇಳಿ ಮುಚ್ಚಿಸಿದ್ದೆ.

ಯಾರಾದರೂ ಇದೇ ಸ್ಥಿತಿಯಲ್ಲಿದ್ದರೆ ಇನ್‌ಬಾಕ್ಸಿಗೆ ಬನ್ನಿ. ಕಂಪನಿಗೆ ಬರೆದ ಈಮೇಲನ್ನು ಹಾಗೇ ಕಳಿಸುತ್ತೇನೆ, ಪಾಲಿಸಿ ನಂಬರ್ ಬದಲಿಸಿಕೊಂಡರೆ ಸಾಕು.