ದಂಡ ಕಟ್ಟಿದರೆ ತೀರುವ ತಪ್ಪು

ಆನ್‌ಲೈನ್ ರೋಲ್ ಪ್ಲೇಯಿಂಗ್ (ಪಾತ್ರ ಹಾಕಿ ಆಡೋ) ಗೇಮುಗಳ ಜಾಹೀರಾತು ಯಾವುದನ್ನೇ ನೋಡಿ, ‘ಇಲ್ಲಿ ನಿಮ್ಮ ಪ್ರತಿ ನಿರ್ಧಾರಕ್ಕೂ ಪರಿಣಾಮ ಇದೆ’ ಅಂತ ದೊಡ್ಡದಾಗಿ ಬರೆದಿರುತ್ತಾರೆ. ಒಳಗೆ ಹೋದರೆ ಬಹಳಷ್ಟು ಕಡೆ ಸಿಗೋದು ರೇಟ್ ಕಾರ್ಡು. ಕಳ್ಳತನಕ್ಕೆ ಇಷ್ಟು, ಕೊಲೆಗೆ ಇಷ್ಟು, ಮಾತಿಗೆ ತಪ್ಪಿದ್ದಕ್ಕೆ ಇಷ್ಟು. ಕಟ್ಟಿದರೆ ಲೆಕ್ಕ ಚುಕ್ತಾ. ತುಮಕೂರು, ಕೋಲಾರ, ಚಿಂತಾಮಣಿ ಕಡೆ ಹುಡುಗ ಹುಡುಗಿಯರು ಡಿಸ್ಕಾರ್ಡ್ ಅನ್ನೋ ಮಾತುಕತೆಯ ಆ್ಯಪ್‌ನಲ್ಲಿ ಸೇರಿ ಕನ್ನಡದಲ್ಲೇ ರೋಲ್ ಪ್ಲೇ ಆಡ್ತಿದ್ದಾರೆ, ಸ್ವಂತ ಸರ್ವರ್ (ಎಲ್ಲರೂ ಸೇರಿ ಆಡೋ ಆಟದ ಲೋಕ) ನಡೆಸುವ ಮನಸ್ಸಿರೋರೂ ಇದ್ದಾರೆ. ಅವರಿಗಾಗಿ ಇದನ್ನ ಬರೀತಿದ್ದೀನಿ. ಮಾಡಿದ ತಪ್ಪು ಇನ್ನೊಬ್ಬ ಆಟಗಾರನಿಗೆ ತಟ್ಟದೆ, ದುಡ್ಡಿನಿಂದಲೋ ಹಳೇ ಸೇವ್‌ನಿಂದಲೋ (ಮೊದಲೇ ಉಳಿಸಿಟ್ಟ ಆಟದ ಹಂತಕ್ಕೆ ವಾಪಸ್ ಹೋಗಿ) ಅಳಿಸಿಹೋಗುವಂತಿದ್ದರೆ ಆ ಆಟದಲ್ಲಿ ಧರ್ಮಸಂಕಟ ಹುಟ್ಟೋದೇ ಇಲ್ಲ.

(ಮನೆಯಲ್ಲಿ ಅಪ್ಪ ಅಮ್ಮ ಎಲ್ಲವನ್ನೂ ‘ಗೇಮು’ ಅಂತ ಒಂದೇ ಗಂಟಿನಲ್ಲಿ ಕಟ್ಟಿಬಿಡೋದರಿಂದ ಈ ಮಾತು: ರಮ್ಮಿ, ಬೆಟ್ಟಿಂಗ್ ಆ್ಯಪ್‌ಗಳ ವಿಷಯ ಬೇರೆ. 2025ರ ಆಗಸ್ಟ್‌ನಲ್ಲಿ ಬಂದ ಕೇಂದ್ರದ ಕಾಯ್ದೆ ನಿಷೇಧಿಸಿದ್ದು ದುಡ್ಡು ಪಣಕ್ಕಿಟ್ಟು ಆಡೋ ಆಟಗಳನ್ನ. ಇಲ್ಲಿ ಹೇಳ್ತಿರೋದು ಪಾತ್ರ ಹಾಕಿ ಆಡೋ ಆಟಗಳ ಬಗ್ಗೆ.)

ಒಂದು ಉದಾಹರಣೆ ನೋಡಿ. ಬಯೋವೇರ್ ಕಂಪನಿ 2011ರ ಡಿಸೆಂಬರ್‌ನಲ್ಲಿ ಹೊರತಂದ ‘ಸ್ಟಾರ್ ವಾರ್ಸ್: ದಿ ಓಲ್ಡ್ ರಿಪಬ್ಲಿಕ್’ನಲ್ಲಿ ಎಸೆಲೆಸ್ ಅನ್ನೋ ಅಂತರಿಕ್ಷ ಹಡಗಿನ ಭಾಗ ಬರುತ್ತೆ. ನಾಲ್ಕು ಜನ ಸೇರಿ ಆಡೋದು. ಹಡಗಿನ ಮೇಲೆ ದಾಳಿಯಾಗಿದೆ, ದಾರಿ ಮುಚ್ಚಿದೆ, ನೀವು ಬ್ರಿಡ್ಜ್ (ಹಡಗು ನಡೆಸೋ ಕೋಣೆ) ತಲುಪಬೇಕು. ಇಂಜಿನಿಯರಿಂಗ್ ವಿಭಾಗದ ಗಾಳಿಯನ್ನ ಹೊರಗೆ ಬಿಟ್ಟರೆ ಒಳಗಿರೋ ನೌಕರರೆಲ್ಲ ಸಾಯ್ತಾರೆ, ದಾರಿ ತಕ್ಷಣ ತೆರೆಯುತ್ತೆ. ಅವರನ್ನ ಉಳಿಸಬೇಕು ಅಂದರೆ ನೀವೇ ಒಳಗೆ ಹೋಗಿ, ಶತ್ರುಗಳ ಜೊತೆ ಹೊಡೆದಾಡಿ, ಕೈಯಾರೆ ಕೆಲಸ ಮುಗಿಸಬೇಕು. ಮೊದಲನೇದಕ್ಕೆ ಕತ್ತಲ ಪಕ್ಷದ ಅಂಕ, ಎರಡನೇದಕ್ಕೆ ಬೆಳಕಿನ ಪಕ್ಷದ ಅಂಕ. ನಾಲ್ವರೂ ತಮ್ಮ ತಮ್ಮ ಆಯ್ಕೆ ಒತ್ತುತ್ತಾರೆ, ಕಂಪ್ಯೂಟರ್ ಒಬ್ಬೊಬ್ಬರಿಗೂ ದಾಳ ಉರುಳಿಸುತ್ತೆ, ದೊಡ್ಡ ಸಂಖ್ಯೆ ಬಿದ್ದವರ ಮಾತು ನಡೆಯುತ್ತೆ.

ಮೊದಲ ಸಲ ಆಡುವಾಗ ಇದು ನಿಜಕ್ಕೂ ಕಾಡುವಂಥ ಆಯ್ಕೆ. ತೊಂದರೆ ಶುರುವಾಗೋದು ಅದೇ ಭಾಗವನ್ನ ಅಲ್ಲಿ ಸಿಗೋ ಆಯುಧ, ಕವಚದಂಥ ಸಾಮಾನಿಗಾಗಿ ಮತ್ತೆ ಮತ್ತೆ ಆಡಿದಾಗ. ನೌಕರರನ್ನ ಉಳಿಸೋ ದಾರಿ ಉದ್ದ, ಕೊಲ್ಲೋ ದಾರಿ ಮೋಟು. ಹೊಸದಾಗಿ ಬಂದವನು ‘ಉಳಿಸೋಣ’ ಅಂತ ಒತ್ತಿ ದಾಳ ಗೆದ್ದರೆ ಉಳಿದ ಮೂವರು ‘ಟೈಮ್ ವೇಸ್ಟ್ ಮಾಡ್ಬೇಡ ಗುರು’ ಅಂತ ಬೈತಾರೆ. ಜೀವಗಳನ್ನ ನಿಮಿಷಕ್ಕೆ ಇಳಿಸಿದ್ದು ಆಟಗಾರರಲ್ಲ, ಆ ಭಾಗವನ್ನ ಕಟ್ಟಿದ ರೀತಿ. ಅಂಕಗಳ ಕಥೆಯೂ ಹಾಗೇ. ಬೆಳಕಿನ ಅಂಕ, ಕತ್ತಲ ಅಂಕ ಒಂದನ್ನೊಂದು ಹೊಡೆದುಹಾಕ್ತಿದ್ದವು, ಮೇಲಿನ ದರ್ಜೆಗೆ 10,000 ಅಂಕ ಬೇಕಿತ್ತು, ಕೆಲವು ಸಾಮಾನು ಹಾಕಿಕೊಳ್ಳೋಕೆ ಆ ದರ್ಜೆ ಇರಲೇಬೇಕಿತ್ತು. ಒಮ್ಮೆ ಕರುಣೆ, ಒಮ್ಮೆ ಕಾಠಿಣ್ಯ ಅಂತ ಮನುಷ್ಯರ ಹಾಗೆ ನಡೆದುಕೊಂಡವನಿಗೆ ಏನೂ ದಕ್ಕಲ್ಲ. ಹಾಗಾಗಿ ಕ್ಯಾರೆಕ್ಟರ್ ಹುಟ್ಟಿದ ದಿನವೇ ಬೆಳಕೋ ಕತ್ತಲೋ ಅಂತ ಬಣ್ಣ ತೀರ್ಮಾನ ಮಾಡಿ, ಆಮೇಲೆ ಮಾತು ಓದದೇ ಅದೇ ಬಣ್ಣ ಒತ್ತುತ್ತಾ ಹೋಗೋದು ರೂಢಿಯಾಯ್ತು. ಈ ವ್ಯವಸ್ಥೆಯಲ್ಲಿ ನಾನು ಮೆಚ್ಚೋದು ಒಂದನ್ನ: ದಾಳದಲ್ಲಿ ಸೋತರೂ ನಿಮಗೆ ಸಿಗೋ ಅಂಕ ನೀವು ಆರಿಸಿದ್ದಕ್ಕೇ. ಗುಂಪು ಮಾಡಿದ್ದಕ್ಕೂ ನೀವು ಬಯಸಿದ್ದಕ್ಕೂ ಬೇರೆ ಬೇರೆ ಲೆಕ್ಕ. ನಮ್ಮ ಸರ್ವರ್‌ಗಳಿಗೆ ಇದನ್ನ ಧಾರಾಳವಾಗಿ ತೆಗೆದುಕೊಳ್ಳಬಹುದು.

‘ಎಲ್ಡರ್ ಸ್ಕ್ರೋಲ್ಸ್ ಆನ್‌ಲೈನ್’ 2015ರಲ್ಲಿ ತಂದ ನ್ಯಾಯ ವ್ಯವಸ್ಥೆ ರೇಟ್ ಕಾರ್ಡಿನ ಅಚ್ಚುಕಟ್ಟಾದ ರೂಪ. ಕದ್ದರೆ, ಕೊಂದರೆ ತಲೆ ಮೇಲೆ ದಂಡ ಏರುತ್ತೆ. ಕಾವಲುಗಾರ ಹಿಡಿದರೆ ದಂಡ ಕಟ್ಟಿ, ಕದ್ದ ಮಾಲು ಕಳ್ಕೊಂಡು ಹೋಗೋದು, ಇಲ್ಲಾ ಓಡೋದು. ಸುಮ್ಮನೆ ಕಾಯ್ತಾ ಕೂತರೂ ದಂಡ ತಾನಾಗೇ ಕರಗುತ್ತೆ. ನೀವು ಕೊಂದ ಊರಿನವನು ಸ್ವಲ್ಪ ಹೊತ್ತಿಗೆ ಅದೇ ಜಾಗದಲ್ಲಿ ಎದ್ದು ನಿಂತಿರ್ತಾನೆ. ಕಳ್ಳನ ಆಟವಾಗಿ ಇದು ಚೆನ್ನಾಗಿದೆ, ಆದರೆ ಅಲ್ಲಿ ಕಳ್ಳತನ ಒಂದು ಕಸುಬು, ತಪ್ಪಲ್ಲ. 2023ರ ‘ಬಾಲ್ಡರ್ಸ್ ಗೇಟ್ 3’ನಲ್ಲೂ ಇದೇ ಸಡಿಲ ಜಾಗ ಇದೆ. ಪ್ರತಿಜ್ಞೆ ಮುರಿದ ಪ್ಯಾಲಡಿನ್ (ಧರ್ಮದ ಪ್ರತಿಜ್ಞೆ ತೊಟ್ಟ ಯೋಧ) ಮೊದಲ ಸಲ 1,000 ಚಿನ್ನದ ನಾಣ್ಯ ಕೊಟ್ಟರೆ ಪ್ರತಿಜ್ಞೆ ವಾಪಸ್, ಮತ್ತೆ ಮುರಿದರೆ 2,000. ಅದೇ ಆಟದಲ್ಲಿ ದಾಳಿಕೋರ ಗಾಬ್ಲಿನ್‌ಗಳ ಪರ ನಿಂತು ಎಮರಾಲ್ಡ್ ಗ್ರೋವ್ ಅನ್ನೋ ಆಶ್ರಯತಾಣ ನಾಶ ಮಾಡಿದರೆ ವಿಲ್, ಕಾರ್ಲಾಕ್ ಅನ್ನೋ ಜೊತೆಗಾರರು ನಿಮ್ಮ ಜೊತೆ ಉಳಿಯಲ್ಲ, ಅಲ್ಲಿ ಆಶ್ರಯ ಪಡೆದಿದ್ದವರು ಮುಂದಿನ ಭಾಗದಲ್ಲಿ ಸಿಗಲ್ಲ. ಇದು ತೂಕದ ಪರಿಣಾಮ. ನಾಲ್ಕು ಜನ ಆನ್‌ಲೈನ್ ಸೇರಿ ಆಡುವಾಗ ಮಾತ್ರ ಎಫ್ 8 ಒತ್ತಿದರೆ ಸಾಕು, ಎಲ್ಲರೂ ಹಳೇ ಸೇವ್‌ಗೆ ವಾಪಸ್ ಹೋಗ್ತಾರೆ. ಅದಕ್ಕೇ ಆ ವರ್ಷ ನವೆಂಬರ್ ಕೊನೆಗೆ ಬಂದ, ಒಂದೇ ಸೇವ್ ಇರೋ ಆನರ್ ಮೋಡ್‌ನಲ್ಲಿ ಗೆಳೆಯರ ಚರ್ಚೆಯ ಗಾಂಭೀರ್ಯವೇ ಬೇರೆ.

ಅಂಕ ತೋರಿಸದೇ ಲೆಕ್ಕ ಇಡೋದು ಹೇಗೆ ಅಂತ ತಿಳೀಬೇಕಾದರೆ 1985ಕ್ಕೆ ಹೋಗಬೇಕು. ರಿಚರ್ಡ್ ಗ್ಯಾರಿಯಟ್ ಮಾಡಿದ ‘ಅಲ್ಟಿಮಾ 4’ ಆನ್‌ಲೈನ್ ಆಟವಲ್ಲ, ಆದರೆ ಈ ವಿಷಯದ ಬೇರು ಅಲ್ಲಿದೆ. ಗಿಡಮೂಲಿಕೆ ಮಾರೋರು ಕುರುಡರು. ಬೆಲೆ ಹೇಳ್ತಾರೆ, ಎಷ್ಟು ನಾಣ್ಯ ಹಾಕ್ತೀರಿ ಅನ್ನೋದು ನಿಮಗೆ ಬಿಟ್ಟಿದ್ದು. ಕಡಿಮೆ ಹಾಕಿದರೂ ಮೂಲಿಕೆ ಸಿಗುತ್ತೆ, ಯಾರೂ ಕೂಗಾಡಲ್ಲ, ಪರದೆ ಮೇಲೆ ಕೆಂಪು ಅಕ್ಷರ ಬರಲ್ಲ. ಪ್ರಾಮಾಣಿಕತೆ ಒಳಗೊಳಗೇ ಇಳಿದಿರುತ್ತೆ. ಎಂಟು ಸದ್ಗುಣಗಳಲ್ಲಿ ಪೂರ್ಣನಾಗದೆ ಆಟ ಮುಗಿಯಲ್ಲವಾದ್ದರಿಂದ ಎಷ್ಟೋ ದಿನದ ಮೇಲೆ ಆ ಚಿಲ್ಲರೆ ಕಾಸು ಅಡ್ಡ ಬರುತ್ತೆ. ಹೇಗಿದ್ದೀನಿ ಅಂತ ತಿಳ್ಕೊಳ್ಳೋಕೆ ಅರಮನೆಯಲ್ಲಿ ಒಬ್ಬ ದಾರ್ಶನಿಕನ ಹತ್ತಿರ ಹೋಗಿ ಕೇಳಬೇಕು, ಅವನೂ ಸಂಖ್ಯೆ ಹೇಳಲ್ಲ, ಮಾತಲ್ಲಿ ಹೇಳ್ತಾನೆ.

ಸಾವಿರಾರು ಜನ ಒಂದೇ ಲೋಕದಲ್ಲಿರೋ ಆಟಗಳಿಗೆ ಇಂಥ ಉಳಿದುಕೊಳ್ಳೋ ಪರಿಣಾಮ ತರೋದು ಯಾಕೆ ಕಷ್ಟ? ನೀವು ಒಂದು ಹಳ್ಳಿ ಸುಟ್ಟಿರಿ, ನಿಮ್ಮ ಪಕ್ಕದಲ್ಲಿ ನಿಂತವನು ಅದನ್ನ ಉಳಿಸಿದ. ಈಗ ಹಳ್ಳಿ ಇದೆಯೋ ಇಲ್ಲವೋ? ಕಂಪನಿಗಳು ಕಂಡುಕೊಂಡ ಉಪಾಯ ಫೇಸಿಂಗ್: ನಿಮ್ಮ ಪರದೆಯಲ್ಲಿ ಬೂದಿ, ಅವನ ಪರದೆಯಲ್ಲಿ ಹಳ್ಳಿ. ಇಬ್ಬರಿಗೂ ಸಮಾಧಾನ, ಆದರೆ ನೀವು ಮಾಡಿದ್ದು ಬೇರೆ ಯಾರಿಗೂ ಆಗಿಲ್ಲ. ‘ಎವರ್‌ಕ್ವೆಸ್ಟ್’ ಹಿಂದೆಯೇ ಇದಕ್ಕೆ ತದ್ವಿರುದ್ಧ ಕೆಲಸ ಮಾಡಿತ್ತು. ಅಲ್ಲಿ ಕೆರಾಫಿರ್ಮ್ ಅನ್ನೋ ಮಲಗಿದ ಡ್ರ್ಯಾಗನ್, ಅದಕ್ಕೆ ನಾಲ್ಕು ಕಾವಲುಗಾರರು. ನಾಲ್ವರೂ ಸತ್ತರೆ ಡ್ರ್ಯಾಗನ್ ಎದ್ದು ಸಿಕ್ಕವರನ್ನೆಲ್ಲ ಕೊಲ್ಲುತ್ತೆ, ಆ ಕಾವಲುಗಾರರಿಂದ ಸಿಗ್ತಿದ್ದ ಸಾಮಾನು ಆ ಸರ್ವರ್‌ನಲ್ಲಿ ಮತ್ತೆಂದೂ ಸಿಗಲ್ಲ. ಒಂದು ಸರ್ವರ್‌ಗೆ ಒಂದೇ ಸಲ. ಹಾಗಾಗಿ ಗಿಲ್ಡ್‌ಗಳು (ಆಟಗಾರರ ಸಂಘಗಳು) ಒಬ್ಬ ಕಾವಲುಗಾರನನ್ನ ಬೇಕಂತಲೇ ಬಿಟ್ಟು ಬರಬೇಕಿತ್ತು, ಬೇರೆ ಗಿಲ್ಡ್‌ನವರೂ ಬಿಡ್ತಾರೆ ಅಂತ ನಂಬಬೇಕಿತ್ತು. ಬರೀ ನಾಲ್ಕು ಕಾವಲುಗಾರರಿಂದ ಎಷ್ಟು ದೊಡ್ಡ ನಂಬಿಕೆಯ ಪ್ರಶ್ನೆ ಎದ್ದಿತು ನೋಡಿ.

‘ಅಲ್ಟಿಮಾ ಆನ್‌ಲೈನ್’ನ ಅನುಭವ ಸರ್ವರ್ ನಡೆಸೋರೆಲ್ಲ ಓದಬೇಕಾದ ಪಾಠ. 1997ರಲ್ಲಿ ಶುರುವಾದಾಗ ಯಾರು ಯಾರನ್ನ ಬೇಕಾದರೂ ಕೊಲ್ಲಬಹುದಿತ್ತು, ಆಟಗಾರರೇ ಸೇರಿ ದುಷ್ಟರಿಗೆ ಬುದ್ಧಿ ಕಲಿಸ್ತಾರೆ ಅನ್ನೋ ನಂಬಿಕೆ ಇತ್ತು. ಆಗಿದ್ದು ಬೇರೆ: ಊರಾಚೆ ಕಾಲಿಟ್ಟ ಹೊಸಬರನ್ನ ಗುಂಪು ಕಟ್ಟಿ ಕೊಂದು ದೋಚೋದು ದಿನನಿತ್ಯದ ಮಾತಾಯ್ತು. ಆಮೇಲೆ ಬಂದ ವ್ಯವಸ್ಥೆಯಲ್ಲಿ ಐದು ಕೊಲೆ ಎಣಿಕೆಯಾದರೆ ಹೆಸರು ಕೆಂಪು, ಊರೊಳಗೆ ಬಂದರೆ ಕಾವಲುಗಾರರು ಅಲ್ಲೇ ಕೊಲ್ತಾರೆ. ಕೇಳೋಕೆ ಚೆನ್ನಾಗಿದೆ. ಆದರೆ ಕೆಂಪು ಹೆಸರಿನವರು ನೀಲಿ ಹೆಸರಿನ ಇನ್ನೊಂದು ಕ್ಯಾರೆಕ್ಟರ್ ಇಟ್ಟುಕೊಂಡು ಊರಿನ ವ್ಯಾಪಾರ ಅದರಿಂದ ಮಾಡಿಸಿದರು. ಕೊಲೆಯ ಎಣಿಕೆ ಇಳಿಯೋದು ಆಟದೊಳಗೆ ಕಳೆದ ಗಂಟೆಗಳ ಲೆಕ್ಕದಲ್ಲಿ, ದೀರ್ಘಾವಧಿ ಎಣಿಕೆ ಒಂದಕ್ಕೆ 40 ಗಂಟೆ. ಹಾಗಾಗಿ ಕ್ಯಾರೆಕ್ಟರನ್ನ ಮನೆಯೊಳಗೆ ನಿಲ್ಲಿಸಿ, ಕಂಪ್ಯೂಟರ್ ಆನ್ ಮಾಡಿಟ್ಟು ಮಲಗಿದರು. ಶಿಕ್ಷೆ ಕರೆಂಟ್ ಬಿಲ್ಲಾಗಿ ಮುಗೀತು. ಕೊನೆಗೆ 2000ದಲ್ಲಿ ಲೋಕವನ್ನೇ ಎರಡು ಮಾಡಿ, ಒಪ್ಪಿಗೆಯಿಲ್ಲದೆ ಕೊಲ್ಲೋಕಾಗದ ಟ್ರ್ಯಾಮೆಲ್ ಕೊಟ್ಟರು. ಹೊಸಬರು ಉಳಿದರು, ಒಳ್ಳೆಯವನಾಗಿರೋದಕ್ಕೆ ಅಲ್ಲಿ ಧೈರ್ಯ ಬೇಕಿರಲಿಲ್ಲ.

ಐಸ್‌ಲ್ಯಾಂಡ್‌ನ ‘ಈವ್ ಆನ್‌ಲೈನ್’ (2003) ಮೋಸವನ್ನ ನಿಷೇಧಿಸದೇ ನಿಭಾಯಿಸಿದ್ದು ನೆನಪಿನ ಮೂಲಕ. ಯಾವ ಕ್ಯಾರೆಕ್ಟರ್ ಆಟದೊಳಗಿನ ಯಾವ ಯಾವ ಸಂಸ್ಥೆಯಲ್ಲಿ ಎಷ್ಟು ದಿನ ಇತ್ತು ಅನ್ನೋದು ಎಲ್ಲರಿಗೂ ಕಾಣುತ್ತೆ. ದ್ರೋಹ ಮಾಡಿದವನಿಗೆ ಮುಂದಿನ ಬಾಗಿಲು ತಟ್ಟುವಾಗ ಅದೇ ಎದುರು ಬರುತ್ತೆ.

ನಮ್ಮ ಕಡೆ ಹುಡುಗರು ಹೆಚ್ಚು ಆಡೋದು ಜಿಟಿಎ (‘ಗ್ರ್ಯಾಂಡ್ ಥೆಫ್ಟ್ ಆಟೋ’) ರೋಲ್ ಪ್ಲೇ. ಅಲ್ಲಿನ ನಿಯಮಗಳು ಗೊತ್ತಿರೋವೇ: ಕಾರಣವಿಲ್ಲದೆ ಕೊಲ್ಲೋದು ಆರ್‌ಡಿಎಂ, ಹಣೆಗೆ ಗನ್ ಇಟ್ಟಾಗ ಹೆದರದೇ ಇರೋದು ಫಿಯರ್ ಆರ್‌ಪಿ ಉಲ್ಲಂಘನೆ, ಇನ್ನೊಬ್ಬನ ಆಟದ ಲೈವ್ ಸ್ಟ್ರೀಮ್ ನೋಡಿ ತಿಳಿದದ್ದನ್ನ ಪಾತ್ರದ ಬಾಯಲ್ಲಿ ಹೇಳೋದು ಮೆಟಾಗೇಮಿಂಗ್. ಎಡವೋದು ಎರಡು ಕಡೆ. ಒಂದು, ಹೊಸ ಜನ್ಮದ ನಿಯಮ, ಅಂದರೆ ಎನ್‌ಎಲ್‌ಆರ್. ಸತ್ತು ಎದ್ದವನು ತನ್ನನ್ನ ಕೊಂದವರನ್ನ ಮರೀಬೇಕು. ಸೇಡಿನ ಸರಪಳಿ ನಿಲ್ಲಿಸೋಕೆ ಇದು ಬೇಕು, ನಿಜ. ಆದರೆ ಬಹಳ ಅಡ್ಮಿನ್‌ಗಳು ಇದನ್ನ ಸುತ್ತ ನಿಂತು ನೋಡಿದವರಿಗೂ ಹಬ್ಬಿಸ್ತಾರೆ, ಕೊಲೆಗಾರ ಹಾಯಾಗಿ ತಿರುಗ್ತಾನೆ. ಮರೆವು ಸತ್ತವನಿಗೆ ಮಾತ್ರ, ಕಂಡ ಅಂಗಡಿಯವನಿಗೆ, ಆಂಬುಲೆನ್ಸ್‌ನವನಿಗೆ, ಪೊಲೀಸಿಗೆ ನೆನಪು ಪೂರ್ತಿ ಇರಬೇಕು ಅಂತ ನಿಯಮದಲ್ಲೇ ಬರೀರಿ. ಎರಡು, ಜೈಲು. ಒಂದು ತಿಂಗಳ ಶಿಕ್ಷೆಗೆ ಒಂದು ನಿಮಿಷ ಅಂತ ಲೆಕ್ಕ ಇಟ್ಟ ಕಡೆ ಮೂವತ್ತು ತಿಂಗಳಾದರೆ ಅವನು ಎದ್ದುಹೋಗಿ ಟೀ ಕುಡಿದು, ಊಟ ಮುಗಿಸಿ ಬರ್ತಾನೆ. ಅದರ ಬದಲು ಎರಡು ವಾರ ಡ್ರೈವಿಂಗ್ ಲೈಸೆನ್ಸ್ ರದ್ದು ಮಾಡಿ. ಕೆಲಸಕ್ಕೆ ಹೋಗೋಕೆ ಇನ್ನೊಬ್ಬ ಆಟಗಾರನನ್ನ ‘ಅಣ್ಣ, ಸ್ವಲ್ಪ ಬಿಟ್ಟುಬಿಡಿ’ ಅಂತ ಕೇಳೋ ಪರಿಸ್ಥಿತಿ ಬರಲಿ. ಅಲ್ಲಿ ಮಾತು ಹುಟ್ಟುತ್ತೆ, ಕಥೆ ಮುಂದಕ್ಕೆ ಹೋಗುತ್ತೆ.

ಡಿಸ್ಕಾರ್ಡ್ ವಾಯ್ಸ್‌ನಲ್ಲಿ ದಾಳ ಹಾಕಿ ಆಡೋರಿಗೆ ಕೋಟೆ, ಡ್ರ್ಯಾಗನ್ ಯಾಕೆ, ಕೆರೆ ತಗೊಳ್ಳಿ. ಶಾಶ್ವತ ನದಿ ಇಲ್ಲದ ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಕೆರೆಗಳು ಸರಪಳಿ. ಮೇಲಿನದು ಕೋಡಿ ಹರಿದರೆ ಕೆಳಗಿನದಕ್ಕೆ ನೀರು. ಐದು ಪಾತ್ರ ಸಾಕು: ನೀರುಗಂಟಿ (ಕೆರೆ ನೀರು ಬಿಡೋನು), ಮೇಲಿನ ಊರಿನ ರೈತ ಹೆಣ್ಣುಮಗಳು, ಕೆಳಗಿನ ಊರಿನ ಕುರಿಗಾಹಿ, ಪಂಚಾಯ್ತಿ ಸದಸ್ಯೆ, ಬೋರ್‌ವೆಲ್ ಗಾಡಿ ಏಜೆಂಟ್. ಕೆರೆಯಲ್ಲಿ 30 ದಿನದ ನೀರಿದೆ. ಹೆಣ್ಣುಮಗಳ ಟೊಮೆಟೊ ಒಣಗ್ತಿದೆ, ಸಾಲ ತಲೆ ಮೇಲಿದೆ. ‘ಅಣ್ಣ, ಒಂದೇ ಒಂದು ರಾತ್ರಿ ತೂಬು ಎತ್ತಿಬಿಡಣ್ಣ’ ಅಂತ ನೀರುಗಂಟಿಯನ್ನ ಕೇಳ್ತಾಳೆ. ಅವಳು ಕೆಟ್ಟವಳಲ್ಲ, ಇದನ್ನ ಮರೀಬೇಡಿ. ಕೇಳೋಳು ಕೆಟ್ಟವಳಾದರೆ ಆಯ್ಕೆ ಸುಲಭವಾಗಿಬಿಡುತ್ತೆ. ಕದ್ದು ಎತ್ತಿದ ಒಂದೊಂದು ರಾತ್ರಿಗೂ ಎರಡು ದಿನದ ನೀರು ಹೋಗುತ್ತೆ. ಯಾರಾದರೂ ಕಂಡರೋ ಇಲ್ಲವೋ ಅನ್ನೋಕೆ ಇಪ್ಪತ್ತು ಮುಖದ ದಾಳ: ಮೊದಲ ರಾತ್ರಿ 16 ಅಥವಾ ಮೇಲೆ ಬಿದ್ದರೆ ಕಂಡಂತೆ, ಎರಡನೇ ರಾತ್ರಿ 11, ಮೂರನೇ ರಾತ್ರಿ 6. ಯಾರೂ ಕಾಣದಿದ್ದರೂ ನೀರಂತೂ ಹೋಗೇ ಹೋಗಿದೆ. ಮೂರು ರಾತ್ರಿಯಾದರೆ ಆರು ದಿನದ ನೀರು ಇಲ್ಲ. ಎರಡು ಬೈಠಕ್ ಆದಮೇಲೆ ಕುರಿಗಾಹಿಯ ಆಟಗಾರನಿಗೆ ಹೇಳಿ: ಕೆಳಗಿನ ಕೆರೆ ಅಂಗಳ ಬಿರುಕು ಬಿಟ್ಟಿದೆ, ಮೂವತ್ತು ಕುರಿಯಲ್ಲಿ ಹತ್ತನ್ನ ಈ ವಾರ ಮಾರಲೇಬೇಕು. ಯಾಕೆ ಅಂತ ಅವನಿಗೆ ಗೊತ್ತಿಲ್ಲ, ನೀರುಗಂಟಿ ಆಡ್ತಿರೋನಿಗೆ ಗೊತ್ತು. ಇಬ್ಬರೂ ಒಂದೇ ವಾಯ್ಸ್ ಚಾನಲ್‌ನಲ್ಲಿದ್ದಾರೆ. ಅಂಕ ಕಳೆಯೋದು, ಶಾಪ ಕೊಡೋದು ಏನೂ ಬೇಡ, ಆಟ ನಡೆಸೋರು ಇಲ್ಲಿ ಬಾಯಿ ಮುಚ್ಚಿಕೊಂಡಿದ್ದರೆ ಸಾಕು.

ಇದು ಕೆಡೋದು ಎಲ್ಲೆಲ್ಲಿ ಅಂದರೆ, ಮೊದಲು, ಸುಳಿವು ಕೊಡದಿದ್ದಾಗ. ಕಾಲುವೆಯಲ್ಲಿ ಹಸಿ ಕೆಸರು, ತೂಬಿನ ಕಲ್ಲಿನ ಮೇಲೆ ಇಳಿದ ನೀರಿನ ಗೆರೆ, ಹೀಗೆ ಎರಡು ಸುಳಿವಾದರೂ ಮುಂಚೆ ಕೊಡದೆ ಪರಿಣಾಮ ತಂದರೆ ‘ಇದು ಮೋಸ’ ಅಂತ ಜಗಳವಾಗುತ್ತೆ, ಆ ಜಗಳದಲ್ಲಿ ನ್ಯಾಯವೂ ಇರುತ್ತೆ. ಇನ್ನೊಂದು, ಗಟ್ಟಿ ಗಂಟಲಿನ ಒಬ್ಬನೇ ಎಲ್ಲರ ಪರವಾಗಿ ತೀರ್ಮಾನ ಮಾಡೋದು. ದೊಡ್ಡ ನಿರ್ಧಾರಕ್ಕೆ ಪ್ರತಿಯೊಬ್ಬರೂ ಆಟ ನಡೆಸೋರಿಗೆ ಪ್ರತ್ಯೇಕ ಮೆಸೇಜ್ ಕಳಿಸಲಿ, ಆಮೇಲೆ ಒಟ್ಟಿಗೆ ತೆರೀಲಿ. ಕರೆಂಟ್ ಹೋಗಿ, ನೆಟ್ ಬಿದ್ದು ಒಬ್ಬರು ಹೊರಗಾದರೆ ಹತ್ತು ನಿಮಿಷ ಕಾಯಿರಿ, ಬರದಿದ್ದರೆ ಹಿಂದಕ್ಕೆ ತಿರುಗಿಸಲಾಗದ ನಿರ್ಧಾರವನ್ನ ಮುಂದಿನ ವಾರಕ್ಕೆ ಇಡಿ.

ಎಲ್ಲಕ್ಕಿಂತ ಮುಖ್ಯವಾದದ್ದು ಇದು: ನಿಜವಾದ ಊರಿನ ಹೆಸರು, ನಿಜವಾದ ಕೆರೆ, ಜಾತಿ ಯಾವುದನ್ನೂ ತರಬೇಡಿ. ಆಡೋರು ಒಂದೇ ಹೋಬಳಿಯವರಿರ್ತಾರೆ, ಮನೆಯವರ ನಡುವೆ ಹಳೇ ನೀರಿನ ವ್ಯಾಜ್ಯ ಇರಬಹುದು, ಆಟದ ಸಿಟ್ಟು ಬಸ್‌ಸ್ಟ್ಯಾಂಡಿಗೆ ಬರೋಕೆ ಹೊತ್ತು ಬೇಕಿಲ್ಲ. ಶುರು ಮಾಡೋ ಮುಂಚೆ ಅರ್ಧ ಗಂಟೆ ಕೂತು ಯಾವ ವಿಷಯ ಬೇಡ ಅಂತ ಒಬ್ಬೊಬ್ಬರನ್ನೂ ಕೇಳಿ ಬರೆದಿಟ್ಟುಕೊಳ್ಳಿ. ಯಾಕೆ ಬೇಡ ಅಂತ ಕೇಳೋ ಹಕ್ಕು ಯಾರಿಗೂ ಇಲ್ಲ.

‘ಅದನ್ನ ಕ್ಯಾನ್ಸಲ್ ಮಾಡಿ’ ಅಂತ ಯಾರಾದರೂ ಕೇಳೇ ಕೇಳ್ತಾರೆ. ನಿಯಮ ತಪ್ಪಾಗಿ ಹೇಳಿದ್ದರಿಂದ, ಮಾತು ಕೇಳಿಸದೇ ಹೋದದ್ದರಿಂದ ಆದ ನಿರ್ಧಾರವನ್ನ ಹಿಂದಕ್ಕೆ ತಗೊಳ್ಳಿ. ಫಲ ಕಹಿಯಾಯ್ತು ಅಂತ ಮಾತ್ರ ಬೇಡ. ಎರಡನ್ನೂ ಬೇರ್ಪಡಿಸೋಕೆ ದಾಖಲೆ ಬೇಕು. ಒಂದು ಶೀಟ್‌ನಲ್ಲಿ ನಾಲ್ಕು ಕಾಲಂ ಸಾಕು: ಏನಾಯ್ತು, ಯಾರು ಕಂಡರು, ಯಾರಿಗೆ ನಷ್ಟ, ಯಾವ ಬೈಠಕ್‌ನಲ್ಲಿ ಹೊರಬರಬೇಕು. ಆಟ ಮುಗಿದ ರಾತ್ರಿಯೇ ತುಂಬಿಸಿ, ಮಾರನೇ ದಿನಕ್ಕೆ ಬಿಟ್ಟರೆ ಯಾರು ಏನಂದರು ಅನ್ನೋದರಲ್ಲೇ ವಾದ ಶುರುವಾಗುತ್ತೆ. ಮೊದಲ ಮತ್ತು ಮೂರನೇ ಕಾಲಂ ಎಲ್ಲರಿಗೂ ಕಾಣಲಿ, ಉಳಿದೆರಡು ನಿಮ್ಮ ಹತ್ತಿರ ಮಾತ್ರ ಇರಲಿ. ತೂಬಿನಂಥ ಗುಟ್ಟಿನ ಸಾಲುಗಳನ್ನ ಬಯಲಾಗೋವರೆಗೂ ಪೂರ್ತಿ ಮುಚ್ಚಿಡಿ, ಕಥೆ ಮುಗಿದ ದಿನ ಇಡೀ ಶೀಟ್ ಎಲ್ಲರ ಮುಂದೆ ತೆರೀರಿ.