ಬೀಮ್ ಕೊಯ್ಯೋ ಮಾತು ನಮ್ಮ ಅಂಗಳದಾಗ ಬ್ಯಾಡ

ಅಣ್ಣನ ಮಗ ಐಟಿಐ ಮುಗಿಸಿ ಮನೆಗೆ ವೆಲ್ಡಿಂಗ್ ಮಷಿನ್ ತಂದಿದ್ದಾನೆ. ನಿನ್ನೆ ನಮ್ಮ ಹಳೇ ಲಾರಿ ಕೆಳಗೆ ನುಸುಳಿ ಎದ್ದು ಬಂದವನೇ, "ಕಾಕಾ, ಮುಂದಿನ ಬೀಮ್ ಬೆಂಡ್ ಆಗ್ಯಾದ. ಟೈರು ಒಳಮಗ್ಗಲಿಗೆ ಸವದಾವ. ಇಲ್ಲೇ ಕೊಯ್ದು, ತಿರುವಿ, ಪ್ಲೇಟ್ ಇಟ್ಟು ವೆಲ್ಡ್ ಹೊಡೀತೀನಿ" ಅಂದ. ಬೀಮ್ ಅಂದ್ರ ಮುಂದಿನ ಎರಡೂ ಗಾಲಿ ಹೊರುವ ಅಡ್ಡ ಉಕ್ಕು. ಶಹಾಬಾದ್ ಫರಸಿ ಕಲ್ಲು ಮಿತಿ ಮೀರಿ ಹೇರಿ ಬಾಗಿಸಿದ ಬೀಮ್ ಅದು. ತಪ್ಪು ನನ್ನದೇ.

ಮೊಬೈಲಿನಲ್ಲಿ ವಿಡಿಯೋನೂ ತೋರಿಸಿದ. ಅಮೆರಿಕದ ಫೋರ್ಡ್ ಗಾಡಿ. 1965ರಲ್ಲಿ ಆ ಕಂಪನಿ ಎರಡು ಗಾಲಿಗೆ ಎರಡು ಬೀಮ್ ಇರುವ ಏರ್ಪಾಡು ತಂದಿತು. ಬಲಗಾಲಿಯ ಬೀಮ್ ಎಡಮಗ್ಗಲಲ್ಲಿ ಕೀಲುಗೊಂಡಿರುತ್ತದೆ. ಗಾಡಿ ಎತ್ತರಿಸಿದರೆ ಗಾಲಿಗಳ ತಲೆ ಹೊರಕ್ಕೆ ವಾಲುತ್ತದೆ. ಮರಳುಗಾಡಿನಲ್ಲಿ ಓಡಿಸುವವರು ಬೀಮ್ ಕೊಯ್ದು ತಿರುವುವುದು ಆ ಓರೆ ತೆಗೆಯಲಿಕ್ಕೆ. ನಮ್ಮದು ಆ ಜಾತಿಯೇ ಅಲ್ಲ. ಕಾಸಿ ಅಚ್ಚಿನಲ್ಲಿ ಬಡಿದು ಹದ ಹಾಕಿದ ಒಂದೇ ಉಕ್ಕು, ಎರಡೂ ಗಾಲಿಗೆ ಅದೇ ಆಧಾರ.

ಒಮ್ಮೆ ಬಗ್ಗಿ ನೋಡ್ರಿ. ಎರಡು ಕಮಾನ್ ಪಾಟಾಗಳ (ಭಾರ ಹೊರುವ ಸ್ಪ್ರಿಂಗ್ ಪಟ್ಟಿಗಳ) ನಡುವೆ ಅದು 'ಐ' ಆಕಾರ, ಭಾರಕ್ಕೆ ಬಾಗದಿರಲೆಂದು. ಪಾಟಾ ದಾಟಿ, ಗಾಲಿ ಹೊರಳುವ ಕೀಲಾದ ಕಿಂಗ್ ಪಿನ್ ಕಡೆ ಹೋದಂತೆ ದುಂಡಗಾಗುತ್ತದೆ; ಬ್ರೇಕ್ ಒತ್ತಿದಾಗ ತಿರುಚುವ ಬಲ ಬೀಳುವುದು ಅಲ್ಲಿ. ಹುಡುಗ ಸೀಮೆಸುಣ್ಣದ ಗೆರೆ ಎಳೆದಿದ್ದೂ ಅಲ್ಲೇ!

ವೆಲ್ಡಿಂಗ್ ಎಷ್ಟೇ ಚೆಂದ ಕೂತಿರಲಿ, ಬಿರುಕು ಸಾಮಾನ್ಯವಾಗಿ ಬರುವುದು ಅದರ ಮಗ್ಗಲಿಗೆ. ಬಿಸಿಯಾದ ಉಕ್ಕಿನ ಶಾಖವನ್ನು ಸುತ್ತಲಿನ ತಣ್ಣನೆ ಉಕ್ಕು ಗಕ್ಕನೆ ಎಳೆದುಕೊಂಡಾಗ ಆ ಜಾಗ ಗಾಜಿನಂತೆ ಪೆಡಸಾಗುತ್ತದೆ. ವೆಲ್ಡಿಂಗ್ ರಾಡಿನಲ್ಲಿ ಪಸೆ ಇದ್ದರೆ ಹೈಡ್ರೋಜನ್ ಒಳಗೆ ಹೊಕ್ಕು, ಒಂದೆರಡು ದಿನ ಬಿಟ್ಟು ಸೀಳುವುದೂ ಉಂಟು. ಅವನ ಹತ್ತಿರ ಇದ್ದದ್ದು ಕಿಟಕಿ ಗ್ರಿಲ್ಲಿಗೆ ಹೊಡೆಯುವ ರಾಡು, ಅದೂ ಬಚ್ಚಲ ಪಕ್ಕದ ಗೂಡಿನಲ್ಲಿ.

ಹಿಂದೆ ಇನ್ನೊಂದು ಗಾಡಿಗೆ ಒಬ್ಬ ಉಸ್ತಾದರ ಕೈಲಿ ನಾನೂ ಹಿಂಗೇ ಮಾಡಿಸಿದ್ದೆ. ಕಿಂಗ್ ಪಿನ್ ಬದಲಿಸಲು ಗ್ರೀಸ್ ತೊಳೆಸಿದಾಗ ವೆಲ್ಡಿಂಗ್ ಪಕ್ಕ ಕೂದಲೆಳೆಯಷ್ಟು ಗೆರೆ. ಹಿಂದಿನ ರಾತ್ರಿಯೇ ಅದು ಸೇಡಂ ರಸ್ತೆಯಲ್ಲಿ ತುಂಬಿದ ಲೋಡ್ ತಂದಿತ್ತು. ಪಾಟಾ ಮುರಿದರೆ ಗಾಡಿ ಕುಂಟುತ್ತದೆ. ಬೀಮ್ ಮುರಿದರೆ ಸ್ಟೇರಿಂಗ್ ಕೈಯಾಗಿದ್ದರೂ ಗಾಡಿ ನಿಮ್ಮದಲ್ಲ, ಎದುರಿಗೆ ಬರುವ ಟಂಟಂ ಆಟೋದವರ ಜೀವವೂ ಅಷ್ಟೇ.

ಕಾನೂನೂ ಅದ. ಗಾಡಿಯ ಮಾರ್ಪಾಡಿನ ಬಗ್ಗೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ. ಪಾಸಿಂಗ್ (ಗಾಡಿಯ ಸರಕಾರಿ ತಪಾಸಣೆ) ಹೊತ್ತಿಗೆ ಕರಿ ಬಣ್ಣ ಬಳಿದರೆ ಕಾಣಂಗಿಲ್ಲ ಅನ್ನೋರಿಗೆ ನಾನೇನು ಹೇಳಲಿ?

ಸ್ವಲ್ಪ ಬೆಂಡ್ ಇದ್ದರೆ ಕಾಸದೆ, ಅಳತೆ ಹಿಡಿದು ಪ್ರೆಸ್ಸಿನಲ್ಲಿ ತೆಗೆಸುವುದು. ಆಗದಿದ್ದರೆ ಇಡೀ ಬೀಮ್ ಬದಲಿ. ತೊಗರಿ ಮಾರಿದ ರೊಕ್ಕ ಅದಕ್ಕೇ ಹೋಗಲಿ.

ಹುಡುಗ ಮುನಿಸಿಕೊಂಡಾನ. ಲಾರಿಯ ಹಿಂಬಾಗಿಲ ಕೀಲು ಕಿತ್ತು ತಿಂಗಳಾಯಿತು, ಅದಕ್ಕೆ ಬೇಕಾದಷ್ಟು ರಾಡು ಸುಡಪ್ಪಾ ಅಂದೀನಿ.