ನಾವಡರ ಹಿಂದೆ ತಿರುಗಿದವರ ಪರವಾಗಿ ನಾಲ್ಕು ಮಾತು

"ಭಾಗವತರ ಅಭಿಮಾನಿಗಳೇ ಆಟ ಹಾಳು ಮಾಡಿದ್ದು" ಅಂತ ಮೊನ್ನೆ ಮದುವೆ ಊಟದ ಪಂಕ್ತಿಯಲ್ಲಿ ಹಿರಿಯರೊಬ್ಬರು ತೀರ್ಪು ಕೊಟ್ಟುಬಿಟ್ಟರು. ಆಟ ಅಂದರೆ ನಮ್ಮ ಕಡೆ ಯಕ್ಷಗಾನ, ಭಾಗವತರು ಅಂದರೆ ಅದರ ಹಾಡುಗಾರರು. ಹೋಳಿಗೆ ಬರುವ ಹೊತ್ತು, ಯಾಕೆ ಜಗಳ ಅಂತ ಸುಮ್ಮನಿದ್ದೆ. ಇಲ್ಲಿ ಹೇಳ್ತೇನೆ. ಆ ಆರೋಪಿಗಳ ಪಟ್ಟಿಯಲ್ಲಿ ನನ್ನ ಹೆಸರೂ ಉಂಟು. ಎಂಬತ್ತರ ದಶಕದಲ್ಲಿ ಸಾಲಿಗ್ರಾಮ ಮೇಳ ಅನ್ನುವ ಯಕ್ಷಗಾನ ತಂಡದ ಡೇರೆ ಎಲ್ಲೆಲ್ಲಿ ಎದ್ದಿತೋ ಅಲ್ಲಿಗೆಲ್ಲ ಸೈಕಲ್ ತುಳಿದವ ನಾನು. ವೇಷ ನೋಡಲಿಕ್ಕೆ ಅಂತ ಮನೆಯಲ್ಲಿ ಹೇಳುತ್ತಿದ್ದೆ. ಹೋಗುತ್ತಿದ್ದದ್ದು ಆ ಮೇಳದ ಭಾಗವತ ಕಾಳಿಂಗ ನಾವಡರ ಪದ್ಯ ಕೇಳಲಿಕ್ಕೆ.

ಘಟ್ಟದ ಆಚೆಯ ಸ್ನೇಹಿತರಿಗೆ ಸ್ವಲ್ಪ ವಿವರಣೆ ಬೇಕಾದೀತು. ದೀಪಾವಳಿ ಕಳೆದ ಮೇಲೆ ಹೊರಟ ಮೇಳ ಮೇ ಕೊನೆಯ ವಾರದ ಪತ್ತನಾಜೆಗೆ ಗೆಜ್ಜೆ ಬಿಚ್ಚುವವರೆಗೆ ದಿನಕ್ಕೊಂದು ಊರಿನಲ್ಲಿ ಆಟ ಆಡುತ್ತದೆ. ಅದಕ್ಕೆ ತಿರುಗಾಟ ಅಂತ ಹೆಸರು. ಬೆಳಿಗ್ಗೆ ಮಂಗಳ ಹಾಡಿ ಸಾಮಾನು ಕಟ್ಟಿದರೆ ರಾತ್ರಿ ಮತ್ತೊಂದು ಗದ್ದೆಯಲ್ಲಿ ಚೌಕಿ, ಅಂದರೆ ವೇಷ ಕಟ್ಟುವ ಜಾಗ. ಈಗಿನವರು ಯಾರೋ ಗಾಯಕ ಹತ್ತು ಊರು ಸುತ್ತಿದರೆ 'ವರ್ಲ್ಡ್ ಟೂರ್' ಅಂತ ಟೀ ಶರ್ಟ್ ಹೊಲಿಸಿಕೊಳ್ಳುತ್ತಾರೆ. ನಮ್ಮ ಭಾಗವತರು ಆರು ತಿಂಗಳು, ಇಬ್ಬನಿಯಲ್ಲಿ, ಧೂಳಿನಲ್ಲಿ, ನಿದ್ದೆಗೆಟ್ಟು ಹಾಡುತ್ತಿದ್ದರು. ಕೆಮ್ಮು ಬಂತು, ಇವತ್ತು ಬೇಡ ಅನ್ನುವ ಹಾಗಿಲ್ಲ, ಡೇರೆಯ ಟಿಕೆಟ್ ಮಾರಿ ಆಗಿರುತ್ತದೆ.

ಹಿಂಬಾಲಿಸುವುದಕ್ಕೆ ನಮಗಿದ್ದ ದಾರಿ ಎರಡೇ. ಒಂದು, ಉದಯವಾಣಿಯಲ್ಲಿ ಬರುತ್ತಿದ್ದ ಆ ದಿನದ ಆಟಗಳ ಪಟ್ಟಿ. ಚಾದಂಗಡಿಯಲ್ಲಿ ಪೇಪರ್ ಬಿಡಿಸಿದರೆ ಮೊದಲು ಓದುವುದು ಅದನ್ನೇ, ಇಂದಿರಾ ಗಾಂಧಿ ಏನಂದರು ಅನ್ನುವುದು ಆಮೇಲೆ. ಇನ್ನೊಂದು, ಮೈಕ್ ಕಟ್ಟಿಕೊಂಡು ಬರುವ ಕಾರು. ಅದು ಎಸೆದ ತೆಳು ಗುಲಾಬಿ ಕಾಗದದ ಹಿಂದೆ ಮಕ್ಕಳು ಓಡಿದರೆ ನಾವು 'ಭಾಗವತರು' ಅನ್ನುವ ಸಾಲು ಇದೆಯೋ ಇಲ್ಲವೋ ನೋಡಿಕೊಳ್ಳುತ್ತಿದ್ದೆವು. ಸಂಜೆಯ ಹೊತ್ತಿಗೆ ಯಾರಾದರೊಬ್ಬ ಅಂಗಳದ ತುದಿಯಲ್ಲಿ ನಿಂತು "ಹ್ವಾಯ್, ಇವತ್ತ್ ಬತ್ಯಾ?" ಅಂತ ಕರೆದರೆ ಮುಗಿಯಿತು. ನೆಲದ ಟಿಕೆಟ್ಟು, ಕೂರಲಿಕ್ಕೆ ಮನೆಯಿಂದ ತಂದ ಗೋಣಿ, ನಡುರಾತ್ರಿ ಒಂದು ಚಾ, ಒಂದು ಪೊಟ್ಟಣ ಕಡ್ಲೆ. ಬೆಳಿಗ್ಗೆ ಕಣ್ಣು ಕೆಂಪು ಮಾಡಿಕೊಂಡು ಕೆಲಸಕ್ಕೆ.

ನಾವಡರು 1958ರಲ್ಲಿ ಹುಟ್ಟಿದವರು, ಗುಂಡ್ಮಿಯವರು. ತಂದೆ ರಾಮಚಂದ್ರ ನಾವಡರೂ ಭಾಗವತರೇ. ಗುರು ನಾರ್ಣಪ್ಪ ಉಪ್ಪೂರರು. ಈ ಹಿನ್ನೆಲೆಯನ್ನು ಯಾಕೆ ಹೇಳುತ್ತೇನೆ ಅಂದರೆ, "ನಾವಡ ಸಿನಿಮಾ ಶೈಲಿ ತಂದ, ಸಂಪ್ರದಾಯ ಕೆಡಿಸಿದ" ಅನ್ನುವ ಮಾತು ಆಗಲೂ ಇತ್ತು, ಈಗಲೂ ಇದೆ. ಅವರೇ ಬರೆದ 'ನಾಗಶ್ರೀ' ಪ್ರಸಂಗ ಡೇರೆ ತುಂಬಿಸಿದ್ದೇ ತುಂಬಿಸಿದ್ದು, ಪುರಾಣ ಬಿಟ್ಟು ಕಟ್ಟುಕಥೆ ಆಡಿಸುತ್ತಾರೆ ಅಂತ ದೂರು ಶುರುವಾಯಿತು. ಹಿಂದೂಸ್ತಾನಿಯ ವಾಸನೆ ಇರುವ ರಾಗ ಎತ್ತಿದರೆ ಮುಂದಿನ ಸಾಲಿನ ಕುರ್ಚಿಯಲ್ಲಿ ಕೂತ ಕೆಲವು ಹಿರಿಯರು ಮುಖ ಸಿಂಡರಿಸುತ್ತಿದ್ದದ್ದನ್ನು ನಾನೇ ಕಂಡಿದ್ದೇನೆ. ಆ ಹಿರಿಯರು ಹೆಚ್ಚಾಗಿ ಬರುತ್ತಿದ್ದದ್ದು ವರ್ಷಕ್ಕೊಮ್ಮೆ, ಅವರ ಊರಿಗೆ ಡೇರೆ ಬಂದಾಗ. ಆವತ್ತು ಹೊಸ ಪ್ರಸಂಗ ಇದ್ದರೆ ಅವರ ಮಟ್ಟಿಗೆ ನಾವಡರೆಂದರೆ ಅಷ್ಟೇ.

ಹಿಂದೆ ಬಿದ್ದು ಹೋದವನಿಗೆ ಹಾಗಲ್ಲ. ಇವತ್ತು ಸಾಮಾಜಿಕ ಕಥೆ, ನಾಡಿದ್ದು ಪೌರಾಣಿಕ. ಅಲ್ಲಿ ಅದೇ ಮನುಷ್ಯ ಗುರು ಉಪ್ಪೂರರ ಧಾಟಿಯಲ್ಲಿ, ಒಂದು ಸಂಗತಿ (ಹಾಡಿನ ಸಾಲಿನ ತಿರುವು) ಹೆಚ್ಚಿಲ್ಲ ಕಡಿಮೆ ಇಲ್ಲ ಅನ್ನುವಂತೆ ಹಾಡುವುದು ಕಿವಿಗೆ ಬೀಳುತ್ತಿತ್ತು. ಸಂಪ್ರದಾಯ ಗೊತ್ತಿಲ್ಲದೆ ಬಿಟ್ಟವರಲ್ಲ, ಗೊತ್ತಿದ್ದು ದಾಟಿದವರು. ಇದು ಒಂದು ರಾತ್ರಿ ಕೇಳಿದವನಿಗೆ ಗೊತ್ತಾಗುವ ವಿಷಯವಲ್ಲ.

ನನ್ನ ಮಾತು ಇಷ್ಟೇ: ಒಬ್ಬ ಹಾಡುಗಾರನ ಬೆನ್ನು ಹತ್ತಿ ಇಡೀ ರಾತ್ರಿಗಳನ್ನು ಕೂತು ಕಳೆದ ಅಭಿಮಾನಿ ಆಟ ಕೆಡಿಸಲಿಲ್ಲ. ಅವನಷ್ಟು ಒಳ್ಳೆಯ ಕೇಳುಗ ಕಲೆಗೆ ಬೇರೆ ಸಿಗಲಿಕ್ಕಿಲ್ಲ.

ಹೇಗೆ ಅಂದರೆ, ಮೊದಮೊದಲು ನನಗೂ ಬೇಕಿದ್ದದ್ದು ಆ ಕಂಠ ಮಾತ್ರ. ಪದ್ಯ ಮುಗಿದು ಅರ್ಥ, ಅಂದರೆ ವೇಷಧಾರಿಗಳ ಮಾತು, ಶುರುವಾದರೆ ಚಾ ಕುಡಿಯಲು ಎದ್ದು ಹೋಗುತ್ತಿದ್ದೆ. ಅದೇ ಪ್ರಸಂಗವನ್ನು ಮತ್ತೆ ಮತ್ತೆ ಕೇಳುವಾಗ ಕಿವಿ ತಾನಾಗಿ ಬೇರೆ ಕಡೆ ಹೋಗತೊಡಗಿತು. ಮೊದಲು ದುರ್ಗಪ್ಪ ಗುಡಿಗಾರರ ಮದ್ದಳೆಗೆ. ನಾವಡರು ಸಾಲನ್ನು ಎಳೆದು ನಿಲ್ಲಿಸಿದಲ್ಲಿ ಆ ಬೆರಳು ಏನು ಮಾಡುತ್ತದೆ, ಏನು ಮಾಡದೆ ಬಿಡುತ್ತದೆ ಅನ್ನುವುದು. ಆಮೇಲೆ ವೇಷಧಾರಿಯ ಕಾಲಿಗೆ. ಒಂದೇ ಪದ್ಯ, ಒಂದೇ ತಾಳ, ಆದರೂ ನಿನ್ನೆಯದಲ್ಲ. ನಿನ್ನೆ ಕುಣಿತದವನು ಹುರುಪಿನಲ್ಲಿದ್ದ, ಭಾಗವತರು ಸಾಲನ್ನು ಅವನ ಕಾಲಿಗೆ ಕೊಟ್ಟು ಹಿಂದೆ ಸರಿದಿದ್ದರು. ಇವತ್ತು ಅವನಿಗೆ ಜ್ವರ ಬಂದ ಹಾಗಿದೆ, ಹೆಜ್ಜೆ ಭಾರ. ಪದ್ಯವನ್ನು ತಾವೇ ಹೊತ್ತುಕೊಂಡು, ಎರಡನೆಯ ಸಾಲನ್ನು ತಿರುಗಿಸಿ ತಿರುಗಿಸಿ ಹಾಡಿ ಬಿಡ್ತಿಗೆಗೆ, ಅಂದರೆ ಪದ್ಯ ಮುಗಿಸುವ ತಾಳಕ್ಕೆ, ಬೇಗ ತಂದು ಅವನನ್ನು ಪಾರು ಮಾಡಿದರು. ಸುತ್ತಲಿನ ಜನ "ಆಹಾ, ಎಂಥ ಆಲಾಪನೆ" ಅಂದರು. ಅದು ಆಲಾಪನೆಯ ಶೋಕಿಗೆ ಹಾಡಿದ್ದಲ್ಲ ಅಂತ ನಮಗೆ ನಾಲ್ಕು ಜನಕ್ಕೆ ಗೊತ್ತಿತ್ತು, ಹಿಂದಿನ ರಾತ್ರಿ ಕೇಳಿದ್ದೆವಲ್ಲ.

ಸೋತ ರಾತ್ರಿಗಳೂ ಇದ್ದವು. ಘಟ್ಟದ ಮೇಲೆ, ತೀರ್ಥಹಳ್ಳಿ ಹೊಸನಗರದ ಕಡೆ, ಡಿಸೆಂಬರ್ ಚಳಿಗೆ ಚರ್ಮವಾದ್ಯದ ನಾದ ಇಳಿದು, ಮದ್ದಳೆಗಾರರು ಪದ್ಯ ಪದ್ಯದ ನಡುವೆ ಸಣ್ಣ ಸುತ್ತಿಗೆಯಲ್ಲಿ ಬಡಿದು ಶ್ರುತಿ ಕೂಡಿಸುತ್ತಲೇ ಇರುತ್ತಿದ್ದರು. ಅಂಥ ರಾತ್ರಿ ಭಾಗವತರ ಸ್ವರವೂ ಮೂರು ಗಂಟೆಯವರೆಗೆ ಬಾಗಿಲು ತೆರೆಯುತ್ತಿರಲಿಲ್ಲ. ಮೇಲಿನ ಷಡ್ಜಕ್ಕೆ ಹೋಗುವ ಜಾಗದಲ್ಲಿ ಅಡ್ಡದಾರಿ ಹಿಡಿದು ಇಳಿದುಬಿಡುತ್ತಿದ್ದರು, ಗೊತ್ತಿಲ್ಲದವರಿಗೆ ಅದೂ ಹೊಸ ಸಂಗತಿಯೇ. ನಮಗೆ ನಗು, ಜತೆಗೆ ಏನೋ ಒಂದು ಹೆಮ್ಮೆ. ಬೆಳಗಿನ ಜಾವದ ಏರುಪದದಲ್ಲಿ, ಅಂದರೆ ಎತ್ತರದ ಸ್ವರದ ಪದ್ಯದಲ್ಲಿ, ಅದೇ ಕಂಠ ಬಿಚ್ಚಿ ಹಾರಿದಾಗ ಆ ಚಳಿಯಲ್ಲಿ ಕೂತದ್ದು ಸಾರ್ಥಕ. ಬರೀ ಆ ಏರುಪದವನ್ನು ಕತ್ತರಿಸಿ ಕೊಟ್ಟಿದ್ದರೆ ನನಗೆ ಅದರ ಅರ್ಧ ರುಚಿಯೂ ಸಿಗುತ್ತಿರಲಿಲ್ಲ.

ಕತ್ತರಿಸಿ ಕೊಡುವ ಕೆಲಸವನ್ನು ಶುರು ಮಾಡಿದವರೂ ನಾವೇ ಅನ್ನಿ. ಟೇಪ್‌ರೆಕಾರ್ಡರ್! ಗಲ್ಫಿನಿಂದಲೋ ಮುಂಬಯಿಯಿಂದಲೋ ಬಂದ ಭಾವನೋ ಚಿಕ್ಕಪ್ಪನೋ ಇದ್ದ ಮನೆಯಲ್ಲಿ ಒಂದು ಇದ್ದೇ ಇರುತ್ತಿತ್ತು. ರಂಗಸ್ಥಳದ ಎದುರು ಅವು ಸಾಲಾಗಿ ಕೂರುತ್ತಿದ್ದವು, ಪ್ರತಿಯೊಂದರ ಹಿಂದೆ ಒಬ್ಬ ಕಾವಲುಗಾರ. ತೊಂಬತ್ತು ನಿಮಿಷದ ಕ್ಯಾಸೆಟ್ ಅಂದರೆ ಒಂದು ಮಗ್ಗುಲಿಗೆ ನಲವತ್ತೈದು ನಿಮಿಷ. ಸರಿಯಾಗಿ ಪದ್ಯದ ಎತ್ತುಗಡೆಯಲ್ಲಿ, ಶುರುವಿನ ಸಾಲಿನಲ್ಲಿ, ಅದು 'ಟಕ್' ಅಂತ ನಿಲ್ಲಬೇಕು, ಕತ್ತಲಲ್ಲಿ ತಡಕಾಡಿ ಮಗುಚಿ ಹಾಕುವಷ್ಟರಲ್ಲಿ ಒಂದು ಸಾಲು ಹೋಯಿತು. ಪಕ್ಕದವನ ಕ್ಯಾಸೆಟ್ಟಿನಲ್ಲಿ ಆ ಸಾಲು ಇರುತ್ತದೆ, ಅವನಿಗೆ ಹೋದ ಸಾಲು ನನ್ನಲ್ಲಿ. ಹಾಗಾಗಿ ಒಬ್ಬರ ಮನೆಗೆ ಇನ್ನೊಬ್ಬರು ಹೋಗಲೇಬೇಕಿತ್ತು. ಕ್ಯಾಸೆಟ್ಟಿನ ಬೆನ್ನಿನ ಎರಡು ಪ್ಲಾಸ್ಟಿಕ್ ಹಲ್ಲುಗಳನ್ನು ಮುರಿದಿಟ್ಟರೆ ಯಾರೂ ಅದರ ಮೇಲೆ ಬೇರೆ ರೆಕಾರ್ಡ್ ಮಾಡುವ ಹಾಗಿಲ್ಲ. ಮುರಿಯದೆ ಇಟ್ಟ ಒಂದು ಒಳ್ಳೆಯ ರಾತ್ರಿಯ ಮೇಲೆ ನನ್ನ ತಂಗಿ ಆಕಾಶವಾಣಿಯ ಚಿತ್ರಗೀತೆ ತುಂಬಿಸಿದ್ದಳು. ಅವಳಿಗೆ ಈಗ ಮೊಮ್ಮಕ್ಕಳಿದ್ದಾರೆ, ನಾನು ಇನ್ನೂ ಕ್ಷಮಿಸಿಲ್ಲ.

ಸೆಲ್ಲಿನ ಕಥೆ ಇನ್ನೂ ಚೆನ್ನಾಗಿದೆ. ಬೆಳಗಿನ ಜಾವಕ್ಕೆ ಸೆಲ್ಲು ಸೊರಗಿ ಟೇಪು ನಿಧಾನ ತಿರುಗುತ್ತದೆ. ಅದನ್ನು ಆಮೇಲೆ ಹೊಸ ಸೆಲ್ಲು ಹಾಕಿ ಕೇಳಿದರೆ ಹಾಡು ಓಡುತ್ತದೆ, ಶ್ರುತಿ ಏರುತ್ತದೆ. ಅಂಥ ಕ್ಯಾಸೆಟ್ಟುಗಳನ್ನೇ ಈಗ ಹಾಗೆಯೇ ಯೂಟ್ಯೂಬಿಗೆ ಏರಿಸಿದ್ದಾರೆ. ಕೆಳಗೆ ಹುಡುಗರ ಚರ್ಚೆ: ನಾವಡರ ಶ್ರುತಿ ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಕಪ್ಪು ನಾಲ್ಕೋ, ಬಿಳಿ ಆರೋ, ಇಷ್ಟು ಎತ್ತರದಲ್ಲಿ ಈಗ ಯಾರಿಗಾದರೂ ಆದೀತೇ! ತಮ್ಮಾ, ಅದು ನಾವಡರ ಶ್ರುತಿ ಅಲ್ಲ, ಮುಗಿದ ಸೆಲ್ಲಿನ ಶ್ರುತಿ.

ನನ್ನ ಅಕ್ಕನ ಮಗ ಈಗಿನ ಭಾಗವತರೊಬ್ಬರ ಕಟ್ಟಾ ಅಭಿಮಾನಿ. ಬೈಕಿನಲ್ಲಿ ಉಡುಪಿಯಿಂದ ಶಿರಸಿಯವರೆಗೆ ಹೋಗುತ್ತಾನೆ, ಅದರಲ್ಲಿ ನಮಗಿಂತ ಒಂದು ಕೈ ಮೇಲೆ. ಆದರೆ ಹೋಗುವುದು ಅವರ ಪದ್ಯದ ಹೊತ್ತಿಗೆ. ಮೊಬೈಲ್ ಎತ್ತಿ ಹಿಡಿದು ಅಷ್ಟನ್ನು ರೆಕಾರ್ಡ್ ಮಾಡಿ, ಗ್ರೂಪಿಗೆ ಹಾಕಿ, ಹೊರಟ. "ಪೂರ್ತಿ ಕೂತ್ಕೊಳ್ಳೂದಲ್ದಾ ಮಾರಾಯಾ?" ಅಂದರೆ "ಮಾವ, ಬೆಳಿಗ್ಗೆ ಡ್ಯೂಟಿ ಇತ್ತ್" ಅನ್ನುತ್ತಾನೆ. ಅವನದೂ ಸುಳ್ಳಲ್ಲ, ಅರ್ಧಕ್ಕರ್ಧ ಆಟಗಳು ಈಗ ಕಾಲಮಿತಿ, ಇಡೀ ರಾತ್ರಿ ನಡೆಯುವುದಿಲ್ಲ, ನಿದ್ದೆಗೆಡುವ ಅಭ್ಯಾಸವೇ ಹೋಗಿದೆ. ಆದರೆ ಇಲ್ಲಿ ಮದುವೆ ಮನೆಯ ಹಿರಿಯರ ಮಾತಿಗೆ ನಾನು ಅರ್ಧ ತಲೆದೂಗಬೇಕಾಗುತ್ತದೆ. ಮೂರು ನಿಮಿಷದ ತುಣುಕನ್ನೇ ಕೇಳಿ ಬೆಳೆದ ಕಿವಿ ರಂಗಸ್ಥಳದಲ್ಲೂ ಅದನ್ನೇ ಕೇಳುತ್ತದೆ. ಎತ್ತುಗಡೆಗೇ ಶಿಳ್ಳೆ. ಶಿಳ್ಳೆ ಬಿದ್ದಲ್ಲಿ ಭಾಗವತರು ಇನ್ನೆರಡು ಸುತ್ತು ಹಾಡುತ್ತಾರೆ, ಯಾರಿದ್ದರೂ ಹಾಡಿಯಾರು. ಅತ್ತ ಕಿರೀಟ ಹೊತ್ತು ನಿಂತ ವೇಷಧಾರಿ, ಕುಣಿಯಲೂ ಆಗದೆ ಸುಮ್ಮನಿರಲೂ ಆಗದೆ, ಗಲ್ಲ ತುರಿಸಿಕೊಳ್ಳುತ್ತಾ ಕಾಯಬೇಕು. ಅದು ಯಕ್ಷಗಾನ ಅಲ್ಲ. ಆದರೆ ಅದು ಅತಿಯಾದ ಅಭಿಮಾನದಿಂದ ಬಂದದ್ದೂ ಅಲ್ಲ. ಅಭಿಮಾನಕ್ಕೆ ಕೂರುವ ಪುರುಸೊತ್ತು ಇಲ್ಲದ್ದರಿಂದ ಬಂದದ್ದು.

ಈಗಿನವರನ್ನು ಪೂರ್ತಿ ಬೈಯುವ ಪೈಕಿ ನಾನಲ್ಲ. ನಾವು ಅಭಿಮಾನ ಅಂತ ಮಾಡಿದ್ದು ಕ್ಯಾಸೆಟ್ಟು ತುಂಬಿಸಿದ್ದು, ಬೇರೆ ಮೇಳದವರ ಜತೆ ಚಾದಂಗಡಿಯಲ್ಲಿ ಜಗಳ ಆಡಿದ್ದು. ಚೌಕಿಯಲ್ಲಿ ಬಣ್ಣ ತೊಳೆಯುತ್ತಿದ್ದ ಕಲಾವಿದನ ಮನೆಯ ಮಾಡು ಸೋರುತ್ತಿದೆಯೇ ಅಂತ ಯಾರೂ ವಿಚಾರಿಸಲಿಲ್ಲ. ತೆಂಕಿನಲ್ಲಿ, ಅಂದರೆ ದಕ್ಷಿಣದ ಕಡೆಯ ಯಕ್ಷಗಾನ ಶೈಲಿಯಲ್ಲಿ, ಭಾಗವತ ಪಟ್ಲ ಸತೀಶ ಶೆಟ್ಟರ ಹೆಸರಿನಲ್ಲಿ ಸೇರಿದ ಅಭಿಮಾನಿಗಳು ಫೌಂಡೇಶನ್ ಕಟ್ಟಿ ಕಲಾವಿದರಿಗೆ ಮನೆ, ವಿಮೆ, ಆಸ್ಪತ್ರೆ ಖರ್ಚು ಅಂತ ನಿಂತಿದ್ದಾರಲ್ಲ, ಅದು ನಮ್ಮ ಕಾಲದಲ್ಲಿ ಇದ್ದಿದ್ದರೆ ಎಷ್ಟೋ ಸಂಸಾರ ಉಳಿಯುತ್ತಿತ್ತು.

1990ರ ಮೇ ಕೊನೆಯ ವಾರ ನಾವಡರು ರಸ್ತೆ ಅಪಘಾತದಲ್ಲಿ ಹೋದರು. ಮೂವತ್ತೆರಡು ತುಂಬಿರಲಿಲ್ಲ. ಅದರ ಬಗ್ಗೆ ಬಹಳ ಬರೆಯುವುದು ನನ್ನಿಂದಾಗುವುದಿಲ್ಲ. ಮುಂದಿನ ತಿರುಗಾಟಕ್ಕೆ ಡೇರೆ ಎದ್ದಾಗ ಬಹಳ ಜನ ಹೋಗಲಿಲ್ಲ, ನಾನೂ ಕೆಲವು ಸಮಯ ಹೋಗಲಿಲ್ಲ. ಮತ್ತೆ ಎಳೆದುಕೊಂಡು ಹೋದದ್ದು ಸುಬ್ರಹ್ಮಣ್ಯ ಧಾರೇಶ್ವರರ ಪದ್ಯ, ಪೆರ್ಡೂರು ಮೇಳದಲ್ಲಿ. ಅವರೂ ಉಪ್ಪೂರರ ಶಿಷ್ಯರೇ. ಮೊದಲು ಹೋದದ್ದು ಹೋಲಿಸಿ ತಪ್ಪು ಹುಡುಕಲಿಕ್ಕೆ, ಕೆಲವು ರಾತ್ರಿ ಕಳೆದ ಮೇಲೆ ಹೋಲಿಸುವುದನ್ನೇ ಬಿಟ್ಟೆ. ಒಬ್ಬರ ಹಿಂದೆ ತಿರುಗಿ ಕಿವಿ ಪಳಗಿದ್ದರೆ ಇನ್ನೊಬ್ಬರನ್ನು ಕೇಳಲಿಕ್ಕೂ ಬರುತ್ತದೆ. 2024ರ ಏಪ್ರಿಲ್‌ನಲ್ಲಿ ಧಾರೇಶ್ವರರೂ ತೀರಿಕೊಂಡರು.

ಇನ್ನು ಒಂದು ವಿನಂತಿ, ಈ ಬರಹದ ನಿಜವಾದ ಉದ್ದೇಶ ಇದೇ ಅಂತ ಬೇಕಾದರೂ ಹೇಳಿ. ಅಟ್ಟದಲ್ಲಿ ಹಳೆಯ ಕ್ಯಾಸೆಟ್ಟಿನ ಡಬ್ಬ ಇರುವವರು ಬಹಳ ಜನ ಇಲ್ಲಿದ್ದೀರಿ, ಊರಿನಲ್ಲಿ ಇರುವವರು, ಬೆಂಗಳೂರಿನಲ್ಲಿ ಹೋಟೆಲ್ ಇಟ್ಟು ಮಳೆಗಾಲದಲ್ಲಿ ರವೀಂದ್ರ ಕಲಾಕ್ಷೇತ್ರಕ್ಕೆ ಆಟ ಕರೆಸುವವರು, ಮುಂಬಯಿಯವರು. ಏರಿಸುವುದಾದರೆ ಪೂರ್ತಿ ಏರಿಸಿ. ಪದ್ಯ ಮಾತ್ರ ಇಟ್ಟು ಅರ್ಥ ಕತ್ತರಿಸಬೇಡಿ. ಚಂಡೆ ಬಿಗಿ ಮಾಡುವ ಸದ್ದು, ಪಕ್ಕದವನು ಕೆಮ್ಮುವುದು, ಕಡ್ಲೆ ಮಾರುವವನ ಕೂಗು ಎಲ್ಲ ಇರಲಿ. ವೇಗ ಸರಿಮಾಡಲು ಗೊತ್ತಿರುವ ಹುಡುಗರ ಹತ್ತಿರ ಒಮ್ಮೆ ಕೇಳಿಸಿ. ರಟ್ಟಿನ ಮೇಲೆ ಊರು, ತಾರೀಕು, ಪ್ರಸಂಗ ಬರೆದದ್ದು ಇದ್ದರೆ ಅದನ್ನೂ ಸೇರಿಸಿ ಹಾಕಿ, ಆ ಊರಿನಲ್ಲಿ ಆವತ್ತು ಕೂತಿದ್ದ ಯಾರಾದರೂ ಸಿಕ್ಕಾರು. ನನ್ನ ಹತ್ತಿರ ಇರುವವನ್ನು ಅಕ್ಕನ ಮಗ ಕಂಪ್ಯೂಟರಿಗೆ ಇಳಿಸುತ್ತಿದ್ದಾನೆ. ಇಳಿಸುವಾಗ ಪೂರ್ತಿ ಕೇಳಲೇಬೇಕು, ಓಡಿಸುವ ಹಾಗಿಲ್ಲ ಅಂತ ಷರತ್ತು ಹಾಕಿದ್ದೇನೆ. ಮೊನ್ನೆ ಫೋನು ಮಾಡಿ, "ಮಾವ, ಮದ್ದಳೆ ಬಾರಿಸೂದ್ ಯಾರ್ ಇದ್?" ಅಂತ ಕೇಳಿದ.